ಮೊದಲ ಫಿಟ್ಸ್ ಬಂದ ತಿಂಗಳು ಬರೆದಿಡಿ

ಮಾನ್ಯ ಸಂಪಾದಕರೇ,

ಜೀನ್ ಪರೀಕ್ಷೆ, ಕಂಪ್ಯೂಟರ್ ವಿಶ್ಲೇಷಣೆ ಬಂದ ಮೇಲೆ ಮಕ್ಕಳ ಮೂರ್ಛೆರೋಗದ ಕಾರಣ ತಾನಾಗಿಯೇ ತಿಳಿಯುತ್ತದೆ ಎಂಬ ನಂಬಿಕೆ ಹೆಚ್ಚುತ್ತಿದೆ. ಪರೀಕ್ಷೆ ಬೇಕೇ ಬೇಕು. ಆದರೆ ಕೇಸ್ ಶೀಟಿನಲ್ಲಿ ಬರೆಯದೆ ಬಿಟ್ಟದ್ದನ್ನು ಯಾವ ಕಂಪ್ಯೂಟರೂ ಹುಡುಕಿ ಕೊಡುವುದಿಲ್ಲ.

ಎಳೆ ಮಕ್ಕಳಲ್ಲಿ ಶುರುವಾಗುವ ತೀವ್ರ ಮೂರ್ಛೆರೋಗವಾದ ಡ್ರಾವೆ ಸಿಂಡ್ರೋಮನ್ನು ಫ್ರಾನ್ಸಿನ ವೈದ್ಯೆ ಶಾರ್ಲೆಟ್ ಡ್ರಾವೆ 1978ರಲ್ಲಿ ವಿವರಿಸಿದ್ದು ಮಕ್ಕಳನ್ನು ಗಮನಿಸಿಯೇ. ಅದರ ಹಿಂದಿನ ಎಸ್‌ಸಿಎನ್1ಎ ಜೀನ್ ದೋಷ ಗೊತ್ತಾದದ್ದು 2001ರಲ್ಲಿ. ಲಕ್ಷಣ ಸ್ಪಷ್ಟ: ವರ್ಷ ತುಂಬುವ ಮುನ್ನ, ಹೆಚ್ಚಾಗಿ 5–8 ತಿಂಗಳಲ್ಲಿ, ಜ್ವರದ ಜೊತೆ ಬಹಳ ಹೊತ್ತು ನಿಲ್ಲದ ಫಿಟ್ಸ್. ಒಮ್ಮೆ ಬಲಗೈ ಬಲಗಾಲು ಅದುರಿದರೆ ಇನ್ನೊಮ್ಮೆ ಎಡಗಡೆ. ಆಗ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ), ಎಂಆರ್‌ಐ ಸಾಮಾನ್ಯವಾಗಿ ನಾರ್ಮಲ್. ಎಡವುವುದು ಇಲ್ಲೇ. 'ಜ್ವರದ ಫಿಟ್ಸ್' ಎಂದಷ್ಟೇ ಬರೆದು, ಮರುಕಳಿಸಿದಾಗ ಕಾರ್ಬಮಜೆಪಿನ್ ಎಂಬ ಮೂರ್ಛೆಯ ಮಾತ್ರೆ ಶುರುಮಾಡಿದರೆ ಫಿಟ್ಸ್ ಹೆಚ್ಚಬಹುದು. ಈ ಜೀನ್ ದೋಷದಿಂದ, ಮಿದುಳನ್ನು ಶಾಂತವಾಗಿಡುವ ನರಕೋಶಗಳಲ್ಲಿ ಮೊದಲೇ ಸೋಡಿಯಂ ಚಾನಲ್ (ಕೋಶದೊಳಕ್ಕೆ ಸೋಡಿಯಂ ಬಿಡುವ ದ್ವಾರ) ಕಡಿಮೆಯಾಗಿರುತ್ತದೆ. ಈ ಮಾತ್ರೆ ಉಳಿದದ್ದನ್ನೂ ತಡೆಯುತ್ತದೆ.

'ಸ್ನಾನದಲ್ಲಿ ಫಿಟ್ಸ್' ಎಂಬ ಎರಡು ಪದವೂ ಸಾಲದು. ದಕ್ಷಿಣ ಕರ್ನಾಟಕದಲ್ಲಿ ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಮೂರ್ಛೆ ಬೇರೆ. ನೀರಿನ ಬಿಸಿ ಇಳಿಸಿದರೆ ಎಷ್ಟೋ ಮಂದಿಗೆ ಅದು ನಿಲ್ಲುತ್ತದೆ. ಮೈ ಬಿಸಿಯೇರಿ ಡ್ರಾವೆ ಮಗುವಿಗೆ ಬರುವುದು ಬೇರೆ. ವಯಸ್ಸು, ನೀರು ಹೊಯ್ದ ರೀತಿ ಬರೆಯದಿದ್ದರೆ ದತ್ತಾಂಶದಲ್ಲಿ ಎರಡೂ ಒಂದೇ.

ಎಸ್‌ಸಿಎನ್2ಎ ಎಂಬ ಇನ್ನೊಂದು ಜೀನಿನ ದೋಷದಲ್ಲಂತೂ ಔಷಧದ ಆಯ್ಕೆಯೇ ಫಿಟ್ಸ್ ಶುರುವಾದ ವಯಸ್ಸಿನ ಮೇಲಿದೆ. ಹುಟ್ಟಿದ 3 ತಿಂಗಳೊಳಗೆ ಶುರುವಾದರೆ ಸೋಡಿಯಂ ಚಾನಲ್ ತಡೆಯುವ ಮಾತ್ರೆ ಸಾಮಾನ್ಯವಾಗಿ ಕೆಲಸ ಮಾಡುತ್ತದೆ, ತಡವಾಗಿ ಶುರುವಾದರೆ ಅದೇ ಮಾತ್ರೆ ಕೆಡುಕು ಮಾಡಬಹುದು.

ವಿಶ್ಲೇಷಣೆಗೂ ಬೇಕಾದದ್ದು ಇದೇ. ಎಸ್‌ಸಿಎನ್1ಎ ದೋಷವಿರುವ ಮಗುವಿಗೆ ಡ್ರಾವೆ ಆಗುವ ಸಾಧ್ಯತೆ ಎಷ್ಟು ಎಂದು ಅಂದಾಜಿಸುವ ಲೆಕ್ಕಾಚಾರ 2022ರಲ್ಲಿ ಪ್ರಕಟವಾಯಿತು. ಅದು ಕೇಳುವುದು ಎರಡೇ: ಜೀನ್ ದೋಷ ಎಷ್ಟು ಗಂಭೀರ ಎಂದು ಸೂಚಿಸುವ ಅಂಕ, ಮೊದಲ ಫಿಟ್ಸ್ ಬಂದ ತಿಂಗಳು.

ತಂದೆತಾಯಿಗಳಲ್ಲೂ ಒಂದು ವಿನಂತಿ. ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ. ಮಗುವನ್ನು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿಕೊಳ್ಳಿ. ಇನ್ನೊಬ್ಬರು ಹೊದಿಕೆ ಸರಿಸಿ, ಮುಖ ಮತ್ತು ಕೈಕಾಲು ನಾಲ್ಕೂ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ಮಾಡಲಿ. 5 ನಿಮಿಷ ದಾಟಿದರೆ ವಿಡಿಯೊ ಬಿಟ್ಟು ಆಸ್ಪತ್ರೆಗೆ ಓಡಿ.

ಡಿಸ್ಚಾರ್ಜ್ ಸಮರಿಯಲ್ಲಿ ವಯಸ್ಸು ತಿಂಗಳಲ್ಲಿ, ಜ್ವರ ಎಷ್ಟಿತ್ತು, ಯಾವ ಬದಿ, ಎಷ್ಟು ನಿಮಿಷ, ಯಾವ ಮಾತ್ರೆಯ ನಂತರ ಹೆಚ್ಚಾಯಿತು ಎಂಬ ಐದು ಸಾಲುಗಳನ್ನು ಆಸ್ಪತ್ರೆಗಳು ಕಡ್ಡಾಯ ಮಾಡಲಿ.

– ಮಕ್ಕಳ ನರರೋಗ ವೈದ್ಯೆ, ಮೈಸೂರು