ಚಿಗವ್ವನಿಗೆ, ಸಭೆಯ ಎಲ್ಲರಿಗೂ

ಮೊನ್ನೆ ಅಣ್ಣನ ಮಗಳ ಮದುವೆ ಚೆನ್ನಾಗಿ ಆಯಿತು. ಅತ್ತೆಯಾಗಿ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ದೇವರಿಗೆ ಸ್ತೋತ್ರ. ಅಪ್ಪನ ಮನೆಯ ಪಾಲಿಗಾಗಿ ಅಣ್ಣನಿಗೂ ನನಗೂ ಆದ ಜಗಳ, ಕಾಗದಪತ್ರ, ಕೋರ್ಟು ಎಲ್ಲ ನಿಮಗೆ ಗೊತ್ತೇ ಇದೆ. ಮತ್ತೆ ಬರೆಯುವುದಿಲ್ಲ.

ಪ್ರಾರ್ಥನೆ ಮಾಡಿದ ಸ್ತ್ರೀಯರ ಕೂಟದವರಿಗೆ, ಎರಡೂ ಮನೆಗೆ ಬಂದುಹೋಗುತ್ತಿದ್ದ ಪಾಸ್ಟರ್ ಅಯ್ಯನವರಿಗೆ, ಇಲ್ಲಿಯ ಮಾತು ಅಲ್ಲಿಗೆ ಮುಟ್ಟಿಸದ ನೆಂಟರಿಗೆ (ಇದೂ ದೊಡ್ಡ ಉಪಕಾರವೇ), ನನ್ನ ಮನೆಯವರಿಗೆ ತುಂಬ ಥ್ಯಾಂಕ್ಸ್.

ಚಿಗವ್ವನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು.

ವಿಷಯ ಗೊತ್ತಾದ ರಾತ್ರಿ ಅವಳು ಗದಗದಿಂದ ಕೊನೆಯ ಬಸ್ಸು ಹಿಡಿದು ಧಾರವಾಡಕ್ಕೆ ಬಂದಳು. ಕೈಯಲ್ಲಿ ರೊಟ್ಟಿ ಗಂಟು. ಅಷ್ಟರಲ್ಲಿ ಫೋನಿನಲ್ಲಿ ಎಷ್ಟೋ ಜನ ಹೇಳಿಯಾಗಿತ್ತು: ಕ್ಷಮಿಸಿಬಿಡು, ನಾವು ಕ್ರೈಸ್ತರಲ್ವಾ ಅಂತ. ಚಿಗವ್ವ ಹಾಗೆ ಹೇಳಲಿಲ್ಲ. "ಏನೇನ ಹೋತು, ಒಂದೊಂದ ಹೇಳವ್ವಾ" ಅಂದಳು. ಹೇಳಿದೆ. ಅವ್ವ ಕಣ್ಣು ಮುಚ್ಚಿದ ಕೋಣೆ. ಅವಳ ಹೊಲಿಗೆ ಮಷಿನ್. ಅಣ್ಣನ ಮೇಲೆ ನನಗಿದ್ದ ನಂಬಿಕೆ. ಯಾವುದಕ್ಕೂ ಅವಳು "ಹೋಗ್ಲಿ ಬಿಡು" ಅನ್ನಲಿಲ್ಲ. ಬೆಳಗಿನ ತನಕ ಕೇಳಿದಳು.

ಬೆಳಗಾದ ಮೇಲೆ ಬೈಬಲಿನ ಮತ್ತಾಯ 18ನೇ ಅಧ್ಯಾಯ ತೆಗೆದು ಓದಿದಳು. ರಾಜ ಸಾಲ ಬಿಟ್ಟ ಆಳು, ತನಗೆ ನೂರು ದೆನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುವ ಕಥೆ. ಆ ನೂರು ದೆನಾರಿ ಪುಡಿಗಾಸು ಅಂತಲೇ ನಾನು ಪ್ರಸಂಗಗಳಲ್ಲಿ ಕೇಳಿದ್ದೆ. ಆದರೆ 20ನೇ ಅಧ್ಯಾಯದ ದ್ರಾಕ್ಷೇತೋಟದ ಕಥೆಯಲ್ಲಿ ಒಂದು ದೆನಾರಿ ಅಂದರೆ ಒಂದು ದಿನದ ಕೂಲಿ. ನೂರು ದಿನದ ಕೂಲಿ ಹೋದರೆ ಕೂಲಿಯವನ ಮನೆಯಲ್ಲಿ ಒಲೆ ಉರಿಯುತ್ತದಾ? "ನಿನಗಾದ ನಷ್ಟ ಸಣ್ಣದಲ್ಲ. ಯೇಸುಸ್ವಾಮಿನೂ ಸಣ್ಣದು ಅಂದಿಲ್ಲ" ಅಂದಳು. ಆಮೇಲೆ ಆ ಆಳಿನ ಸಾಲ ತೋರಿಸಿದಳು, 10,000 ತಲಾಂತು. ಒಂದು ತಲಾಂತಿಗೆ ಸುಮಾರು 6,000 ದೆನಾರಿ. ಎಷ್ಟು ಜನ್ಮ ದುಡಿದರೂ ತೀರದ್ದು. ದೇವರು ನಮಗೆ ಬಿಟ್ಟಿದ್ದು ಅಂಥ ಸಾಲ.

ಅವತ್ತು ನಾನು ಕ್ಷಮಿಸಲಿಲ್ಲ, ಆಗಲಿಲ್ಲ. ದೇವರ ಮೇಲೂ ಸಿಟ್ಟಿತ್ತು. ಕರ್ತನ ಪ್ರಾರ್ಥನೆಯಲ್ಲಿ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದರೆ ಗಂಟಲು ಕಟ್ಟುತ್ತಿತ್ತು. ಪಕ್ಕದಲ್ಲಿ ಚಿಗವ್ವ ಅದನ್ನು ಗಟ್ಟಿಯಾಗಿ, ನನ್ನ ಪಾಲಿನದೂ ಸೇರಿಸಿ ಹೇಳುತ್ತಿದ್ದಳು.

ಮಿಷನರಿ ಗ್ರಹಾಂ ಸ್ಟೇನ್ಸ್ ಅವರ ಹೆಂಡತಿ ಗ್ಲಾಡಿಸ್ ಸ್ಟೇನ್ಸ್ ಆಗ ತುಂಬ ನೆನಪಾಗುತ್ತಿದ್ದರು. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಸುಟ್ಟು ಕೊಂದವರನ್ನು ಅವರು ಕ್ಷಮಿಸಿದರು. ಕೇಸು ನಡೆದು ಶಿಕ್ಷೆಯೂ ಆಯಿತು. ಅವರು ಬಾರಿಪದದಲ್ಲೇ ವರ್ಷಗಟ್ಟಲೆ ಉಳಿದು ಕುಷ್ಠರೋಗಿಗಳನ್ನು ನೋಡಿಕೊಂಡರು. ನಮ್ಮ ಕೇಸು ಅವರದರ ಮುಂದೆ ಏನೂ ಅಲ್ಲ. ಆದರೂ ಕ್ಷಮೆ ಮತ್ತು ನ್ಯಾಯ ಒಟ್ಟಿಗೆ ನಡೆಯಬಹುದು ಅನ್ನೋ ಧೈರ್ಯ ಅವರಿಂದ ಬಂತು.

ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಕರ್ತನ ಭೋಜನದ ದಿನ ಸಮಾಧಾನವನ್ನು ಕೈಯಿಂದ ಕೈಗೆ ಕೊಡುತ್ತೇವಲ್ಲ, ಆಗ ಚಿಗವ್ವ ಬೇಕಂತಲೇ ನನಗೂ ಅಣ್ಣನಿಗೂ ನಡುವೆ ಕೂರುತ್ತಿದ್ದಳು. ಅಣ್ಣನ ಕೈಯಿಂದ ತೆಗೆದುಕೊಂಡು ನನಗೆ ಕೊಡುತ್ತಿದ್ದಳು. ಒಂದು ಭಾನುವಾರ ಮೊಣಕಾಲು ನೋವು ಅಂತ ಅವಳು ಬರಲಿಲ್ಲ. ಅಣ್ಣನೇ ಸರಿದು ಬಂದು ಕೈ ಚಾಚಿದ. ಹಿಡಿದುಕೊಂಡೆ. ಇಬ್ಬರೂ ಅತ್ತೆವು.

ಈಗಲೂ ಅಪ್ಪನ ಮನೆಯ ಓಣಿಯಲ್ಲಿ ಹೋಗುವಾಗ ಹೊಟ್ಟೆ ಉರಿಯುತ್ತದೆ. ಅಲ್ಲೇ ನಿಂತು ಮತ್ತೆ ಪ್ರಾರ್ಥಿಸಿ ಮುಂದೆ ಹೋಗುತ್ತೇನೆ. ಪಾಲಿನ ಮಾತು ಇನ್ನೂ ಬಾಕಿ ಇದೆ, ಇಬ್ಬರೂ ಕೂತು ಮಾತಾಡುತ್ತಿದ್ದೇವೆ. ಅದಕ್ಕಾಗಿ ಪ್ರಾರ್ಥಿಸಿ. ಈ ತಿಂಗಳು ಚಿಗವ್ವ ನಮ್ಮ ಮನೆಯಲ್ಲೇ ಇರುತ್ತಾಳೆ. ಸಂಜೆ ಹೊತ್ತು ಬಂದು ಮಾತಾಡಿಸಿ, ಅವಳಿಗೆ ಖುಷಿಯಾಗುತ್ತದೆ.