ಕ್ಯಾರವಾನ್‌ನಲ್ಲಿ ಮರುಭೂಮಿಗೆ: ನಾಯಿ ಜೊತೆಗಿದ್ದರೆ ಲೆಕ್ಕವೇ ಬೇರೆ

ಸಂಪಾದಕರಿಗೆ ನಮಸ್ಕಾರ.

ಕ್ಯಾರವಾನ್‌ನಲ್ಲೇ ಸಂಸಾರ ಹೂಡಿ, ಚಳಿಗಾಲವನ್ನು ರಾಜಸ್ಥಾನ, ಕಛ್ ಕಡೆ ಕಳೆಯುವವರ ಬಗ್ಗೆ ನಿಮ್ಮ ಪ್ರವಾಸ ಪುಟದಲ್ಲಿ ಬಂದ ಲೇಖನ ಓದಿದೆವು. ದಾರಿ, ಊಟ, ಖರ್ಚು ಎಲ್ಲ ಇತ್ತು. ಸಾಕುನಾಯಿಯ ವಿಚಾರ ಮಾತ್ರ ‘ಅದನ್ನೂ ಕರೆದೊಯ್ಯಬಹುದು’ ಎಂಬ ಒಂದೇ ಸಾಲಿನಲ್ಲಿ ಮುಗಿದಿತ್ತು. ಕರೆದೊಯ್ಯಬಹುದು, ನಿಜ. ಆದರೆ ನಾಯಿ ಹತ್ತಿದ ಗಳಿಗೆಯಿಂದ ಗಾಡಿ ಎಲ್ಲಿ ನಿಲ್ಲಬೇಕು, ನೀರು ಎಷ್ಟು ಬೇಕು, ಮಧ್ಯಾಹ್ನ ಯಾರು ಗಾಡಿ ಬಿಟ್ಟು ಹೋಗುವಂತಿಲ್ಲ ಎಂಬುದೆಲ್ಲ ಅದರ ಮೇಲೇ ನಿಂತಿರುತ್ತದೆ. ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಕಡೆಯಿಂದ ಈ ಸಲ ಹೊರಡುವ ಯೋಚನೆಯಲ್ಲಿರುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇವೆ.

ದಾರಿ ಸರಳ. ಅಂಕೋಲಾದಿಂದ ಹುಬ್ಬಳ್ಳಿ ಮೇಲೆ ಹೋಗುವ 52ನೇ ರಾಷ್ಟ್ರೀಯ ಹೆದ್ದಾರಿಯೇ ವಿಜಯಪುರ, ಸೊಲ್ಲಾಪುರ, ಇಂದೂರ್, ಕೋಟಾ, ಜೈಪುರ ದಾಟಿ ಚೂರುವಿನವರೆಗೆ, ಅಂದರೆ ಥಾರ್ ಮರುಭೂಮಿಯ ಅಂಚಿಗೇ ಮುಟ್ಟಿಸುತ್ತದೆ. ಚಳಿಯನ್ನು ಮಾತ್ರ ಧಾರವಾಡದ ಚಳಿಯ ಲೆಕ್ಕದಲ್ಲಿ ನೋಡಬೇಡಿ. ಜೈಸಲ್ಮೇರ್‌ನಲ್ಲಿ ಜನವರಿಯ ರಾತ್ರಿ 7–8 ಡಿಗ್ರಿ ಸಾಮಾನ್ಯ. ಚೂರು, ಫತೇಪುರ ಕಡೆ ಸೊನ್ನೆಗೂ ಇಳಿಯುತ್ತದೆ. ಅದೇ ದಿನ ಮಧ್ಯಾಹ್ನ 24–25 ಡಿಗ್ರಿ. ಮುಧೋಳ ನಾಯಿಯಂಥ ತೆಳು ಕೂದಲಿನ, ಮೈಯಲ್ಲಿ ಕೊಬ್ಬಿಲ್ಲದ ತಳಿ ರಾತ್ರಿ ನಡುಗುತ್ತದೆ. ಅದಕ್ಕೆ ಎದೆ, ಹೊಟ್ಟೆ ಮುಚ್ಚುವ ಉಣ್ಣೆಯ ಅಂಗಿ ಬೇಕು, ಮಲಗುವ ಜಾಗ ಗಾಡಿಯ ತಗಡಿನ ನೆಲದಿಂದ ನಾಲ್ಕು ಬೆರಳಾದರೂ ಮೇಲಿರಬೇಕು. ಮೈಯ ಬಿಸಿ ಹೆಚ್ಚಾಗಿ ಹೋಗುವುದು ನೆಲದ ಕಡೆಗೆ, ಆದ್ದರಿಂದ ಮೇಲೆ ಎರಡು ಕಂಬಳಿ ಹೊದಿಸುವುದಕ್ಕಿಂತ ಕೆಳಗೆ ಒಂದು ದಪ್ಪ ಫೋಮ್ ಹಾಸುವುದು ಮೇಲು.

ಚಳಿಗೆ ಹೆದರಿ ಗಾಡಿಯೊಳಗೆ ಇದ್ದಿಲ ಶೇಗಡಿ ಇಟ್ಟುಕೊಳ್ಳುವುದು, ಗ್ಯಾಸ್ ಒಲೆ ಉರಿಸಿ ಮಲಗುವುದು ಪ್ರಾಣಕ್ಕೇ ಕುತ್ತು. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲ ಮುಚ್ಚಿದ ಕೋಣೆಗಳಲ್ಲಿ ಜನ ಹೀಗೇ ಸಾಯುತ್ತಾರೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಗೊತ್ತಾಗುವಷ್ಟರಲ್ಲಿ ಕೈಕಾಲು ಸೋತಿರುತ್ತವೆ. ಬ್ಯಾಟರಿಯ ಮೇಲೆ ನಡೆಯುವ ಅಲಾರಂ ಒಂದನ್ನು ಮಲಗುವ ಎತ್ತರದಲ್ಲಿ ಕೂಡಿಸಿ, ಎರಡು ಬದಿಯ ಗಾಳಿಕಿಂಡಿ ರಾತ್ರಿಯೂ ಎರಡು ಬೆರಳು ತೆರೆದಿಡಿ.

ಹಗಲಿನ ಅಪಾಯವನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೊರಗೆ 24 ಡಿಗ್ರಿ ಇದ್ದಾಗ ಬಿಸಿಲಿಗೆ ನಿಂತ, ಗಾಜು ಮುಚ್ಚಿದ ಕಾರಿನೊಳಗೆ 20 ನಿಮಿಷಕ್ಕೆ 40 ಡಿಗ್ರಿ ಆಗುತ್ತದೆ. ಒಳಹೊದಿಕೆ ಇರುವ ವ್ಯಾನ್ ಇಷ್ಟು ಬೇಗ ಕಾಯುವುದಿಲ್ಲ, ಆದರೆ ಕಾಯುತ್ತದೆ. ಕೋಟೆ ನೋಡಲು ಹೋದವರು ಒಂದು ತಾಸಿಗೆ ಬರುತ್ತೇವೆಂದು ನಾಯಿಯನ್ನು ಒಳಗೆ ಬಿಟ್ಟು ಹೋಗುವುದು ಇಂಥ ಕಡೆಯೇ. ಚಾವಣಿಯ 12 ವೋಲ್ಟ್ ಫ್ಯಾನ್ ನಂಬಿದರೂ ಫ್ಯೂಸ್ ಹೋದರೆ ಹೇಳುವವರಿಲ್ಲ. ಇಬ್ಬರಿದ್ದರೆ ಪಾಳಿ ಮಾಡಿಕೊಳ್ಳಿ: ಒಬ್ಬರು ಕೋಟೆಗೆ, ಒಬ್ಬರು ಗಾಡಿಯ ನೆರಳಿಗೆ.

ಕರೆಂಟಿನ ಮಾತು. ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನ ನಡುಹಗಲ ಸೂರ್ಯ ದಿಗಂತದಿಂದ ಸುಮಾರು 40 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ; ನಮ್ಮಲ್ಲಿ 51. ಚಾವಣಿಗೆ ಮಲಗಿಸಿ ಕೂಡಿಸಿದ 400 ವ್ಯಾಟ್ ಸೋಲಾರ್ ಪ್ಯಾನೆಲ್ ಅಲ್ಲಿ ದಿನಕ್ಕೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು ಕೊಟ್ಟರೆ ದೊಡ್ಡದು. ಅದನ್ನೇ ದಕ್ಷಿಣಕ್ಕೆ 45–50 ಡಿಗ್ರಿ ಓರೆ ಎತ್ತಿ ನಿಲ್ಲಿಸಿದರೆ ಒಂದೂವರೆ ಯೂನಿಟ್ ಬರುತ್ತದೆ. ಆದ್ದರಿಂದ ಎತ್ತಿಳಿಸುವ ಕೀಲು ಹುಬ್ಬಳ್ಳಿಯಲ್ಲೇ ಹಾಕಿಸಿ, ಧೂಳನ್ನು ದಿನಾ ಬೆಳಿಗ್ಗೆ ಒಣ ಬಟ್ಟೆಯಿಂದ ಒರೆಸಿ. ಕಂಪ್ರೆಸರ್ ಫ್ರಿಜ್‌ಗೆ ದಿನಕ್ಕೆ ಅರ್ಧ ಯೂನಿಟ್, ಉಳಿದದ್ದು ಫ್ಯಾನ್, ದೀಪ, ಮೊಬೈಲ್‌ಗೆ. 200 ಆಂಪಿಯರ್‌ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎಂದರೆ ಎರಡೂವರೆ ಯೂನಿಟ್ ಕೈಯಲ್ಲಿದ್ದಂತೆ. ಈ ಬ್ಯಾಟರಿ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಆಗಬಾರದು, ಒಳಗೆ ಲಿಥಿಯಂ ಲೋಹ ಪದರಗಟ್ಟಿ ಶಾಶ್ವತವಾಗಿ ಕೆಡುತ್ತದೆ. ಅದರ ಜಾಗ ಗಾಡಿಯ ತಳದಲ್ಲಲ್ಲ, ಮಲಗುವ ಕೋಣೆಯೊಳಗೆ.

ನೀರಿಗೆ ಬರೋಣ. ನಾಯಿಗೆ ಕಿಲೋ ತೂಕಕ್ಕೆ ದಿನಕ್ಕೆ 50–60 ಮಿಲಿಲೀಟರ್ ಎಂಬುದು ಮನೆಯ ಲೆಕ್ಕ. ಒಣಗಾಳಿಯಲ್ಲಿ ಓಡಾಡಿದರೆ ದುಪ್ಪಟ್ಟು ಹಿಡಿಯಿರಿ. 25 ಕಿಲೋ ನಾಯಿಗೆ ಎರಡೂವರೆ–ಮೂರು ಲೀಟರ್ ಆಯಿತು. ಇಬ್ಬರು ಮನುಷ್ಯರು, ಎರಡು ನಾಯಿ ಇದ್ದಲ್ಲಿ ಬಿಗಿ ಹಿಡಿದು ಬಳಸಿದರೂ 100 ಲೀಟರ್ ಟ್ಯಾಂಕ್ ನಾಲ್ಕನೇ ದಿನಕ್ಕೆ ತಳ ಕಾಣುತ್ತದೆ. ಪಶ್ಚಿಮ ರಾಜಸ್ಥಾನದ ಬೋರ್‌ವೆಲ್ ನೀರಿನಲ್ಲಿ ಅನೇಕ ಕಡೆ ಉಪ್ಪೂ ಫ್ಲೋರೈಡೂ ಹೆಚ್ಚು. ಹಲ್ಲು, ಮೂಳೆ ಕೆಡಿಸುವ ಈ ಫ್ಲೋರೈಡ್ ಎಂದರೇನೆಂದು ಮುಂಡರಗಿ ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಉಪ್ಪನ್ನು ತೋರಿಸುತ್ತದೆ, ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ. ಕುದಿಸಿದರೂ ಅದು ಹೋಗದು, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕುಡಿಯುವುದಕ್ಕೆ, ನಾಯಿಯ ಬಟ್ಟಲಿಗೂ, ಆರ್‌ಒ ನೀರೇ ಆಗಲಿ.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಅಲ್ಲಿಯ ಹಳ್ಳಿ, ಢಾಣಿಗಳ (ಹೊಲದ ನಡುವಿನ ಸಣ್ಣ ವಸತಿಗಳ) ಸುತ್ತ ‘ಟಾಂಕಾ’ ಎಂಬ ನೆಲದೊಳಗಿನ ನೀರಿನ ತೊಟ್ಟಿ ಇರುತ್ತದೆ, ಅದರ ಸುತ್ತ ತೊಟ್ಟಿಯ ಕಡೆಗೆ ಇಳಿಜಾರು ಮಾಡಿ ಗುಡಿಸಿಟ್ಟ ‘ಆಗೋರ್’ ಎಂಬ ಅಂಗಳ. ಮಳೆ ಬಿದ್ದಾಗ ಆ ಅಂಗಳದ ನೀರೇ ತೊಟ್ಟಿಗೆ ಇಳಿಯುವುದು. ಹೊಸಬರ ಕಣ್ಣಿಗೆ ಅದು ಗಾಡಿ ನಿಲ್ಲಿಸಲು ಹೇಳಿ ಮಾಡಿಸಿದ ಗಟ್ಟಿ ನೆಲ. ನವಲಗುಂದ, ಅಣ್ಣಿಗೇರಿ ಭಾಗದಲ್ಲಿ ಕುಡಿಯುವ ನೀರಿನ ಕೆರೆಯ ಮೆಟ್ಟಿಲ ಮೇಲೆ ನಾಯಿ ಕೂಡಿಸಿದರೆ ಊರವರಿಗೆ ಹೇಗಾದೀತೋ, ಆಗೋರ್ ಮೇಲೆ ನಾಯಿ ಓಡಾಡಿದರೆ ಅವರಿಗೂ ಹಾಗೆಯೇ. ಕೇಳಿ ನಿಲ್ಲಿ, ಅವರು ತೋರಿಸಿದ ಕಡೆಯೇ ನಿಲ್ಲಿ.

ಕಟ್ಟುವ ವಿಚಾರ. ಪೇಟೆಯಲ್ಲಿ ಸಿಗುವ ತಿರುಪು ಗೂಟ ಮರಳಿನಲ್ಲಿ ಒಂದೇ ಜಗ್ಗಿಗೆ ಕಿತ್ತು ಬರುತ್ತದೆ. ಖಾಲಿ ಸಿಮೆಂಟ್ ಚೀಲಕ್ಕೆ ಮರಳು ತುಂಬಿ, ನಡುವಿಗೆ ಹಗ್ಗ ಬಿಗಿದು, ಎರಡು ಅಡಿ ಆಳದಲ್ಲಿ ಅಡ್ಡ ಹೂತರೆ ಎತ್ತು ಎಳೆದರೂ ಬರದು. ಹಗ್ಗ ಐದು ಮೀಟರ್ ಸಾಕು. ಉದ್ದ ಬಿಟ್ಟರೆ ಮುಧೋಳ ನಾಯಿ ವೇಗ ಹಿಡಿದು ತುದಿಗೆ ಬಂದಾಗ ಕುತ್ತಿಗೆಗೇ ಪೆಟ್ಟು. ಕೊರಳಪಟ್ಟಿ ಬೇಡ, ಎದೆಪಟ್ಟಿಗೆ ಕಟ್ಟಿ.

ಮುಳ್ಳು ಮೂರು ಬಗೆ. ನೆಗ್ಗಿನಮುಳ್ಳು, ಬಳ್ಳಾರಿ ಜಾಲಿ ನಮಗೆ ಗೊತ್ತಿದ್ದವೇ. ಮೂರನೆಯದು ‘ಭುರಟ್’ ಎಂಬ ಹುಲ್ಲಿನ ಮುಳ್ಳುಕಾಯಿ. ಮೆಣಸಿನ ಕಾಳಿನಷ್ಟು ದೊಡ್ಡದು, ಮೈತುಂಬ ಹಿಂದಕ್ಕೆ ಬಾಗಿದ ಕೊಕ್ಕೆ. ನಾಯಿ ಅದನ್ನು ಹಲ್ಲಿನಿಂದ ಕೀಳಲು ಹೋಗಿ ವಸಡಿಗೆ, ಗಂಟಲಿಗೆ ಚುಚ್ಚಿಸಿಕೊಳ್ಳುತ್ತದೆ. ಹೊರಡುವ ಮೊದಲೇ ಬೆರಳ ಸಂದಿನ ಕೂದಲು ಕತ್ತರಿಸಿ. ಪ್ರತಿ ಸಲ ತಿರುಗಾಡಿ ಬಂದ ಮೇಲೆ ಬೆರಳ ಸಂದಿ, ಕಂಕುಳ, ಕಿವಿಯ ಒಳಮೈ ನೋಡಿ, ಚಿಮಟದಿಂದ ಬುಡ ಹಿಡಿದು ಮುಳ್ಳು ಚುಚ್ಚಿದ ನೇರಕ್ಕೇ ಎಳೆಯಿರಿ. ಜಾಲಿಮುಳ್ಳಿನ ತುದಿ ಪಾದದ ಮೆತ್ತೆಯಲ್ಲೇ ಮುರಿದು ಉಳಿಯುವುದುಂಟು. ಎರಡು ಮೂರು ದಿನಕ್ಕೆ ಕೀವು. ಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತು ನಿಮಿಷ ಕಾಲಿಡಿಸಿ, ಮರುದಿನವೂ ಕುಂಟಿದರೆ ಪಶುವೈದ್ಯರಿಗೆ ತೋರಿಸಿ. ಕಛ್‌ನ ಬಿಳಿ ರಣದಲ್ಲಿ, ಅಂದರೆ ಉಪ್ಪಿನ ಬಯಲಿನಲ್ಲಿ, ಮುಳ್ಳಿಲ್ಲ, ಆದರೆ ಉಪ್ಪು ಪಾದ ಒಡೆಸುತ್ತದೆ, ನೆಕ್ಕಿದರೆ ವಾಂತಿ. ಬಂದ ಕೂಡಲೇ ಸಿಹಿನೀರಿನಿಂದ ತೊಳೆಯಬೇಕು. ಗಾಡಿಯನ್ನಂತೂ ಉಪ್ಪಿನ ಮೇಲೆ ಇಳಿಸಲೇಬಾರದು, ಹೊರಪದರದ ಕೆಳಗೆ ಬರೀ ಕೆಸರು.

ಹಾವೇರಿ ಜಿಲ್ಲೆಯವರಿಗೆ ಒಂದು ಮಾತು. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಬಯಲಿನಲ್ಲಿ ಒಂದು ಕಾಲಕ್ಕೆ ಕಾಣುತ್ತಿದ್ದ ಎರ್ಲಡ್ಡು ಹಕ್ಕಿ, ಅಂದರೆ ಹೆಬ್ಬಕ, ಈಗ ದೇಶದಲ್ಲಿ ಹೆಚ್ಚಾಗಿ ಉಳಿದಿರುವುದು ಜೈಸಲ್ಮೇರ್ ಸುತ್ತಮುತ್ತಲೇ. ನೆಲದ ಮೇಲೆ ಒಂದೇ ಮೊಟ್ಟೆ ಇಡುವ ಹಕ್ಕಿ ಅದು. ನಾಯಿಗಳು ಅದಕ್ಕೂ ಚಿಂಕಾರ ಎಂಬ ಸಣ್ಣ ಹುಲ್ಲೆಗೂ ದೊಡ್ಡ ಕಂಟಕ. 3162 ಚದರ ಕಿಲೋಮೀಟರಿನ ಮರುಭೂಮಿ ರಾಷ್ಟ್ರೀಯ ಉದ್ಯಾನ ಸಮ್ ಮರಳುದಿಬ್ಬಗಳಿಗೆ ಹತ್ತಿಕೊಂಡೇ ಇದೆ, ಎಲ್ಲ ಕಡೆ ಬೇಲಿ ಇಲ್ಲ. ಬೇಟೆನಾಯಿಯ ಹಗ್ಗ ಆ ಪ್ರದೇಶದಲ್ಲಿ ಒಂದು ಕ್ಷಣವೂ ಬಿಚ್ಚಬಾರದು. ಅಷ್ಟು ಸಂಯಮ ಇಲ್ಲದವರು ನಾಯಿಯನ್ನು ಮನೆಯಲ್ಲೇ ಬಿಟ್ಟು ಹೋಗಲಿ ಎಂದು ಕೈಮುಗಿದು ಕೇಳುತ್ತೇವೆ.

ಅಂತರ್ಜಾಲದಲ್ಲಿ ಎಲ್ಲರೂ ನೋಡುವ ವಿಡಿಯೊಗಳು ಅಮೆರಿಕದ ಅರಿಜೋನಾದವು. ಅಲ್ಲಿ ಕ್ವಾರ್ಟ್ಜ್‌ಸೈಟ್ ಊರಿನ ಹತ್ತಿರ ಸರ್ಕಾರಿ ಭೂಮಿಯಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರವಾನಗಿ ಪಡೆದು ತಿಂಗಳುಗಟ್ಟಲೆ ನಿಲ್ಲಬಹುದು. ನೀರಿನ ನಲ್ಲಿ, ಕಸದ ತೊಟ್ಟಿ, ಶೌಚದ ತೊಟ್ಟಿ ಖಾಲಿ ಮಾಡುವ ಜಾಗ ಎಲ್ಲ ಇದೆ. ಅದನ್ನು ನೋಡಿ ಥಾರ್‌ನಲ್ಲೂ ಬೇಕಾದಲ್ಲಿ ಡೇರೆ ಹಾಕಬಹುದೆಂದು ತಿಳಿಯುವುದು ತಪ್ಪು. ಇಲ್ಲಿ ಖಾಲಿ ಕಂಡ ನೆಲ ಒಬ್ಬರ ಹೊಲವೋ, ಗೋಮಾಳವೋ, ಇಲ್ಲವೇ ಅರಣ್ಯ ಇಲಾಖೆಯದೋ ಆಗಿರುತ್ತದೆ. ಗಡಿ ಸಮೀಪವಾದರೆ ಅನುಮತಿಯೂ ಬೇಕು. ಉಪಗ್ರಹ ಫೋನ್ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದು ದೇಶದಲ್ಲೆಲ್ಲೂ ಅಪರಾಧ. ಗಾಡಿಯನ್ನೂ ಗ್ಯಾರೇಜಿನಲ್ಲಿ ಮನಸ್ಸಿಗೆ ಬಂದಂತೆ ಕೊಯ್ದು ಕ್ಯಾರವಾನ್ ಮಾಡಿಸಬೇಡಿ. ಕ್ಯಾರವಾನ್‌ಗಳಿಗೆಂದೇ ಇರುವ ಎಐಎಸ್ 124 ಎಂಬ ಸುರಕ್ಷತಾ ಮಾನದಂಡಕ್ಕೆ ಹೊಂದಿ, ಆರ್‌ಸಿಯಲ್ಲಿ ನಮೂದಾಗದಿದ್ದರೆ ಅಪಘಾತವಾದಾಗ ವಿಮೆಯವರು ಕೈ ಎತ್ತಬಹುದು.

ನಾಯಿಗೆ ರೇಬೀಸ್, ಡಿಸ್ಟೆಂಪರ್, ಪಾರ್ವೋ ಚುಚ್ಚುಮದ್ದು ಹೊರಡುವುದಕ್ಕೆ ತಿಂಗಳ ಮೊದಲೇ ಆಗಿರಲಿ, ಉಣ್ಣಿ ಔಷಧ ತಪ್ಪದಿರಲಿ, ಚುಚ್ಚುಮದ್ದಿನ ಪುಸ್ತಕ ಗಾಡಿಯ ಕಾಗದಪತ್ರದ ಜೊತೆಗೇ ಇರಲಿ.

ಕೊನೆಗೆ ನಮ್ಮ ಮಹಾನಗರ ಪಾಲಿಕೆಗೂ ಪ್ರವಾಸೋದ್ಯಮ ಇಲಾಖೆಗೂ ಒಂದು ವಿನಂತಿ. ಕ್ಯಾರವಾನ್‌ನ ಶೌಚದ ಡಬ್ಬಿ ಸುಮಾರು 20 ಲೀಟರಿನದು. ಇಬ್ಬರಿಗೆ ಮೂರು ದಿನಕ್ಕೆ ತುಂಬುತ್ತದೆ. ಖಾಲಿ ಮಾಡಲು ಜಾಗ ಸಿಗದೆ ಹಳ್ಳಕ್ಕೆ ಸುರಿಯುವವರು ಇದ್ದಾರೆ. ಮರುಭೂಮಿಯಲ್ಲಿ ಹೂತರೂ ಒಣ ಮರಳಿನಲ್ಲಿ ಅದು ಬೇಗ ಕೊಳೆಯುವುದಿಲ್ಲ. 48 ಮತ್ತು 52ನೇ ಹೆದ್ದಾರಿಗಳು ಕೂಡುವ ಹುಬ್ಬಳ್ಳಿಯಲ್ಲಿ, ಒಳಚರಂಡಿಗೆ ಜೋಡಿಸಿದ ಒಂದು ಮುಚ್ಚಳದ ಗುಂಡಿ, ತೊಳೆಯಲು ಒಂದು ನಲ್ಲಿ, ಕುಡಿಯುವ ನೀರಿಗೆ ಅದರಿಂದ ದೂರದಲ್ಲಿ ಬೇರೆ ನಲ್ಲಿ, ಇಷ್ಟು ಮಾಡಿ ಶುಲ್ಕ ನಿಗದಿ ಮಾಡಿದರೆ ಕೊಡಲು ಜನ ಸಿದ್ಧರಿದ್ದಾರೆ.

— ಇಬ್ಬರು ಓದುಗರು, ವಿದ್ಯಾನಗರ, ಹುಬ್ಬಳ್ಳಿ