ಮಳೆಯ ಕೈಗೆ ವಜ್ರಾಯುಧ ಕೊಟ್ಟ ನಿಮ್ಮ ಪಾಠದ ಬಗ್ಗೆ ದೂರು

ಪಾಠ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಆಫ್ರಿಕಾದ ದಕ್ಷಿಣ ಭಾಗದ ಬೇಟೆಗಾರ ಸಾನ್ ಜನರ ಗುಡುಗು-ಮಿಂಚಿನ ಕಥೆಗಳ ಆಡಿಯೊ ಪಾಠವನ್ನು ತಿದ್ದುವವರೆಗೆ ಮಾರಾಟ ನಿಲ್ಲಿಸುವ ಬಗ್ಗೆ.

ಮಾನ್ಯರೇ,

ಶಾಲಾ ಗ್ರಂಥಾಲಯಗಳಿಗೆ ನೀವು ಮಾರುತ್ತಿರುವ ಈ ಪಾಠವನ್ನು ನಮ್ಮ ಬಳಗದವರು ಮೊದಲಿನಿಂದ ಕೊನೆಯವರೆಗೆ ಕೇಳಿದ್ದೇವೆ. ಮಕ್ಕಳ ಕೈಗೆ ಇದನ್ನು ಹೀಗೇ ಕೊಡಲಾಗದು.

ಎಲ್ಲಕ್ಕಿಂತ ದೊಡ್ಡ ತಪ್ಪು !ಖ್ವಾನನ್ನು (ಹೆಸರುಗಳಲ್ಲಿನ !, |, || ಗುರುತುಗಳು ನಾಲಗೆಯಿಂದ ಲೊಚಗುಟ್ಟಿ ಹೊರಡಿಸುವ ವ್ಯಂಜನಗಳು) 'ಆಫ್ರಿಕಾದ ಇಂದ್ರ' ಎಂದು ಕರೆದು, ಜೊತೆಗಿನ ಚಿತ್ರದಲ್ಲಿ ಅವನ ಕೈಗೆ ಮಿಂಚಿನ ಆಯುಧ ಕೊಟ್ಟಿರುವುದು. ದಕ್ಷಿಣ ಆಫ್ರಿಕಾದ ಉತ್ತರ ಕೇಪ್ ಭಾಗದಲ್ಲಿದ್ದ |ಖಾಮ್ ಎಂಬ ಸಾನ್ ಗುಂಪಿನ ನುಡಿಯಲ್ಲಿ !ಖ್ವಾ ಎಂದರೆ ನೀರು, ಮಳೆ ಎಂದೇ ಅರ್ಥ. ಅದು ಮಳೆ ಕಳಿಸುವ ದೇವರಲ್ಲ, ಮಳೆಯೇ. ಅದಕ್ಕೆ ಮೈಯಿದೆ, ಉಸಿರಿದೆ, ಕಾಲಿದೆ. ಮಂಜು ಅದರ ಉಸಿರು. ದೂರದಲ್ಲಿ ಮೋಡದಿಂದ ನೆಲಕ್ಕೆ ಇಳಿಬಿದ್ದಂತೆ ಕಾಣುವ ಮಳೆಯ ಕಂಬಗಳು ಅದರ ಕಾಲು. ನಿಮ್ಮ ಪಠ್ಯದಲ್ಲಿ ಈ 'ಮಳೆಗಾಲು' ತಿದ್ದುವವರ ಕೈಯಲ್ಲಿ 'ಮಳೆಗಾಲ' ಆಗಿಹೋಗಿದೆ! ಒಂದು ಕೊಂಬು ಹೋಗಿದ್ದಕ್ಕೆ ಇಡೀ ಪ್ರಾಣಿಯೇ ಮಾಯವಾಗಿದೆ.

ಗುಡುಗು-ಮಿಂಚಿನೊಂದಿಗೆ ನೆಲ ಕೊಚ್ಚಿಕೊಂಡು ಹೋಗುವಂತೆ ಬರುವುದು ಗಂಡುಮಳೆ, ಮೆತ್ತಗೆ ಸುರಿಯುವುದು ಹೆಣ್ಣುಮಳೆ. ಈ ಭೇದ ನಿಮ್ಮ ಪಾಠದಲ್ಲಿ ಎಲ್ಲೂ ಇಲ್ಲ. ಅದಿಲ್ಲದೆ ಮಳೆ ಬರಿಸುವ ಭಾಗಕ್ಕೆ ಅರ್ಥವೇ ಬರುವುದಿಲ್ಲ. ಮಳೆಯ ಮಾಂತ್ರಿಕರು ನೀರಿನ ಮಡುವಿಗೆ ಹೋಗಿ, ಮಳೆಪ್ರಾಣಿಯ ಕೊಂಬಿಗೆ ತೊಗಲಿನ ಹಗ್ಗ ಹಾಕಿ, ಬುಚು ಎಂಬ ಸುವಾಸನೆಯ ಸೊಪ್ಪಿನ ಪುಡಿಯಿಂದ ಅದನ್ನು ಶಾಂತಗೊಳಿಸಿ, ಒಣಗಿದ ನೆಲದ ಮೇಲೆ ನಡೆಸಿಕೊಂಡು ಹೋಗುತ್ತಾರೆ. ಅದನ್ನು ಕಡಿದಲ್ಲಿ ಮಳೆ ಬೀಳುತ್ತದೆ. ಗಂಡುಮಳೆಯನ್ನು ಹಿಡಿದರೆ ಸಿಟ್ಟಿನ ಮಳೆ. ಅದಕ್ಕೇ ಹಾಲಿರುವ ಹೆಣ್ಣುಮಳೆಯನ್ನು ಹುಡುಕುತ್ತಾರೆ. ಅದರ ಹಾಲು ಕರೆದರೆ ನೆಲದ ಒಳಗಿನವರೆಗೂ ತೇವ ಇಳಿಯುತ್ತದೆ. ನೀವು ಇದನ್ನು 'ಬಲಿ ಕೊಟ್ಟು ದೇವರನ್ನು ಒಲಿಸಿಕೊಂಡರು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಜೊತೆಗಿರುವ ಚಿತ್ರದಲ್ಲಿ ಡುಬ್ಬವಿರುವ ನಮ್ಮ ಕಡೆಯ ಎತ್ತು! ಬಂಡೆಚಿತ್ರಗಳ ಮಳೆಪ್ರಾಣಿ ಕೆಲವೆಡೆ ದನದಂತೆ, ಕೆಲವೆಡೆ ನೀರಾನೆಯಂತೆ ದಪ್ಪಗಿರುತ್ತದೆ.

ಮೈನೆರೆದ ಹುಡುಗಿಯ ಕಥೆಯ ಕೊನೆಯನ್ನೂ ಬದಲಿಸಿದ್ದೀರಿ. ಕಟ್ಟುಪಾಡು ಮುರಿದು ನೀರಿನ ಮರಿಗಳನ್ನು (!ಖ್ವಾದ ಮಕ್ಕಳನ್ನು) ಹಿಡಿದು ತಿಂದ ಅವಳು ನಿಮ್ಮಲ್ಲಿ ಸಿಡಿಲಿಗೆ ಸುಟ್ಟು ಬೂದಿಯಾಗುತ್ತಾಳೆ. ಮೂಲದಲ್ಲಿ ಸುಂಟರಗಾಳಿ ಅವಳನ್ನೂ ಮನೆಯವರನ್ನೂ ಎತ್ತಿ ಒಯ್ಯುತ್ತದೆ, ಅವರು ಕಪ್ಪೆಗಳಾಗುತ್ತಾರೆ, ತಂದೆಯ ಬಾಣಗಳು ಒರತೆಯ ಪಕ್ಕ ಮತ್ತೆ ಗಿಡವಾಗಿ ಬೆಳೆಯುತ್ತವೆ. ಎಲ್ಲವೂ ನೀರಿಗೆ ಮರಳುವ ಈ ಕೊನೆಯೇ ಕಥೆಯ ಜೀವ.

ಇನ್ನು ಸಾನ್ ಕಥೆಗಳೊಳಗೆ ನೀವು ಸೇರಿಸಿರುವ ಬೇರೆಯವರ ಆಸ್ತಿ. ಸಿಡಿಲಹಕ್ಕಿ ಇಂಪುಂಡುಲು ಷೋಸಾ, ಜುಲು ಜನರದು. ತ್ಸುಯಿ||ಗೋಅಬ್ ಖೋಯಿಖೋಯಿ ದನಗಾಹಿಗಳ ದೇವರು. ಎರಡನ್ನೂ ಸಾನ್ ಪಟ್ಟಿಯಿಂದ ತೆಗೆಯಿರಿ.

ಉಚ್ಚಾರ: ಹೆಸರಿನ ಮುಂದಿರುವ ! ಆಶ್ಚರ್ಯಸೂಚಕವಲ್ಲ, ವ್ಯಂಜನ. ನಾಲಗೆಯ ತುದಿಯನ್ನು ಹಲ್ಲುಗಳ ಹಿಂದಿನ ಅಂಗುಳಿಗೆ ಒತ್ತಿ ಥಟ್ಟನೆ ಬಿಟ್ಟರೆ ಬರುವ ಸದ್ದು. | ಎಂಬುದು ಅಯ್ಯೋ ಪಾಪ ಎನ್ನುವಾಗ ನಾವು ಲೊಚಗುಟ್ಟುವ ಸದ್ದೇ. ನಿಮ್ಮ ಮುದ್ರಿತ ಪಠ್ಯ 'ಖ್ವಾ!' ಎಂದು ಚಿಹ್ನೆಯನ್ನು ಹಿಂದಕ್ಕೆ ತಳ್ಳಿದೆ, ಓದುವವರು ದನಿ ಏರಿಸಿ ಕೂಗಿದ್ದಾರೆ.

ಈ ಕಥೆಗಳು ನಮಗೆ ಸಿಕ್ಕಿದ್ದು 1870ರ ದಶಕದಲ್ಲಿ ||ಕಬ್ಬೊ, ಡಿಯಾ!ಕ್ವೈನ್ ಮೊದಲಾದ |ಖಾಮ್ ಜನರು ಕೇಪ್‌ಟೌನಿನಲ್ಲಿ ಭಾಷಾವಿದ್ವಾಂಸರಾದ ವಿಲ್ಹೆಲ್ಮ್ ಬ್ಲೀಕ್ ಮತ್ತು ಲೂಸಿ ಲಾಯ್ಡ್ ಅವರಿಗೆ ಹೇಳಿ ಬರೆಸಿದ್ದರಿಂದ. ಹೇಳಿದವರಲ್ಲಿ ಹಲವರು ಕೈದಿಗಳಾಗಿ ಅಲ್ಲಿಗೆ ಬಂದವರು. |ಖಾಮ್ ನುಡಿಯನ್ನು ಮನೆಮಾತಾಗಿ ಆಡುವವರು ಇಂದು ಯಾರೂ ಉಳಿದಿಲ್ಲ. ನಿಮ್ಮ ಪಾಠ ಬ್ಲೀಕ್ ಅವರ ಹೆಸರನ್ನಷ್ಟೇ ಹೇಳುತ್ತದೆ. ಹೇಳಿದವರ ಹೆಸರುಗಳನ್ನು ಪಾಠದ ಆರಂಭದಲ್ಲೇ ಸೇರಿಸಬೇಕು.

ಮೇಲಿನ ಭಾಗಗಳನ್ನು ಹೊಸದಾಗಿ ಓದಿಸಿ, ಎರಡೂ ಚಿತ್ರ ಬದಲಿಸಿ, ಈಗಾಗಲೇ ಕೊಂಡ ಗ್ರಂಥಾಲಯಗಳಿಗೆ ತಿದ್ದಿದ ಪ್ರತಿಯನ್ನು ಉಚಿತವಾಗಿ ಕಳಿಸಿ. ಬೇಡವೆನ್ನುವವರಿಗೆ ಹಣ ಹಿಂದಿರುಗಿಸಿ. 30 ದಿನಗಳೊಳಗೆ ಲಿಖಿತ ಉತ್ತರ ಕೊಡಿ. ಹೊಸ ಪಠ್ಯದ ಕರಡು ಕಳಿಸಿದರೆ ಸಾಲುಸಾಲಾಗಿ ನೋಡಿಕೊಡುತ್ತೇವೆ.

ಇಂತಿ,
ಜನಪದ ಓದುಗರ ಬಳಗ